ಕ್ಲೌಡ್ ಬಿಟ್ಟು ನಮ್ಮದೇ ಸರ್ವರ್ ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಮ್ಮದು ಎಂಟು ಜನರ ಸಣ್ಣ ವಿನ್ಯಾಸ ಸಂಸ್ಥೆ. ಮೇಲ್, ಫೈಲು, ಬ್ಯಾಕಪ್, ಗ್ರಾಹಕರು ಡ್ರಾಯಿಂಗ್ ನೋಡುವ ಒಂದು ವೆಬ್‌ಸೈಟು, ಎಲ್ಲವೂ ಕ್ಲೌಡ್‌ನಲ್ಲಿದೆ. ಫೈಲುಗಳೇ ಸುಮಾರು 3 ಟಿಬಿ. ಬಿಲ್ಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಗ್ರಾಹಕರ ಕಾಗದಪತ್ರ ಬೇರೆಯವರ ಮೆಷಿನ್‌ನಲ್ಲಿದೆಯಲ್ಲ ಎಂಬ ಅಳುಕೂ ಇದೆ. ಆಫೀಸಿನಲ್ಲೇ ಒಂದು ಸರ್ವರ್ ಇಟ್ಟು ಎಲ್ಲವನ್ನೂ ಅಲ್ಲಿಗೆ ತಂದರೆ ಹಣವೂ ಉಳಿಯುತ್ತದೆ, ಡೇಟಾವೂ ನಮ್ಮ ಕೈಯಲ್ಲಿರುತ್ತದೆ, ಅಲ್ವಾ? ನಮ್ಮಲ್ಲಿ ಒಬ್ಬರಿಗೆ ಸರ್ವರ್ ಓಡಿಸುವ ಲಿನಕ್ಸ್ ವ್ಯವಸ್ಥೆ ಗೊತ್ತು.

ಉತ್ತರ:

ಎಲ್ಲವನ್ನೂ ತರಬೇಡಿ. ಫೈಲುಗಳನ್ನು ತನ್ನಿ. ಮೇಲ್ ಈಗಿರುವ ಕಡೆಯೇ ಇರಲಿ. ಗ್ರಾಹಕರ ವೆಬ್‌ಸೈಟು ಬಾಡಿಗೆಯ ಒಂದು ಪುಟ್ಟ ಸರ್ವರ್‌ನಲ್ಲಿರಲಿ. ಬ್ಯಾಕಪ್‌ನ ಒಂದು ಪ್ರತಿ ಕ್ಲೌಡ್‌ನಲ್ಲೇ ಇರಲಿ, ಆದರೆ ಅದಕ್ಕೆ ಬೀಗ ಹಾಕಿ, ಕೀಲಿ, ಅಂದರೆ ತೆರೆಯುವ ಪಾಸ್‌ವರ್ಡ್, ನಿಮ್ಮ ಹತ್ತಿರ ಮಾತ್ರ ಇರಲಿ. ನಿಮ್ಮ ವಿವರ ಓದಿದ ಮೇಲೆ ನನಗೆ ಸರಿ ಕಂಡದ್ದು ಇದು. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಖರ್ಚು, ಹಿಡಿತ, ಖಾಸಗಿತನ ಮೂರೂ ಒಟ್ಟಿಗೆ ಸೇರಿಕೊಂಡಿವೆ. ಒಂದಕ್ಕೆ ಒಪ್ಪುವ ಉತ್ತರ ಇನ್ನೊಂದಕ್ಕೂ ಒಪ್ಪಬೇಕು ಅಂತಿಲ್ಲ.

ಖರ್ಚಿನಿಂದ ಶುರು ಮಾಡೋಣ. ಈಗಿನ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ನೋಡಿ. ತಲೆಗಿಷ್ಟು ಅಂತ ಕಟ್ಟುವ ಚಂದಾ ಒಂದು. ಜಾಗದ ಬಾಡಿಗೆ ಒಂದು. ಡೇಟಾ ಹೊರಗೆ ತೆಗೆದಾಗ ಬೀಳುವ ಶುಲ್ಕ ಇನ್ನೊಂದು. ದಿನವಿಡೀ ಓಡುವ ವರ್ಚುವಲ್ ಮೆಷಿನ್, ಅಂದರೆ ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಕಂಪ್ಯೂಟರ್, ಇದ್ದರೆ ಅದು ಬೇರೆ. ಕೆಲಸ ಬಿಟ್ಟು ಹೋದವರ ಖಾತೆ, ಯಾವತ್ತೋ ಪರೀಕ್ಷೆಗೆ ಅಂತ ಹಾಕಿ ಮರೆತ ಮೆಷಿನ್, ಹಳೇ ಸ್ನ್ಯಾಪ್‌ಶಾಟ್‌ಗಳು (ಡಿಸ್ಕ್‌ನ ಆಗಿನ ಸ್ಥಿತಿಯ ಪ್ರತಿಗಳು) ಇಂಥ ಬಿಲ್ಲಿನಲ್ಲಿ ಆಗಾಗ ಸಿಗುತ್ತವೆ. ಅವನ್ನು ತೆಗೆದುಹಾಕಿ. ಹೊಸದೇನೂ ಕೊಳ್ಳದೆಯೇ ಬಿಲ್ಲು ಸ್ವಲ್ಪ ಇಳಿಯಬಹುದು. ಸ್ವಂತ ಸರ್ವರ್‌ನ ಖರ್ಚನ್ನು ಹೋಲಿಸಬೇಕಾದ್ದು ಹೀಗೆ ಇಳಿದ ಬಿಲ್ಲಿನ ಜೊತೆಗೆ.

ಕೆಲಸದ ಒತ್ತಡ ಒಮ್ಮೆ ಹತ್ತು ಪಟ್ಟು ಏರಿ ಮತ್ತೆ ಇಳಿಯುವಂತಿದ್ದರೆ ಬಾಡಿಗೆಯೇ ಲಾಭ. ವರ್ಷವಿಡೀ ಒಂದೇ ಸಮ ಇದ್ದರೆ ಸ್ವಂತದ್ದು ಲಾಭ. ಜನರ ಫೈಲುಗಳನ್ನು ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆಜಾನ್‌ನ ಜಾಗ ಬಳಸಿ ಬೆಳೆದ ಆ ಕಂಪನಿ, ಆಮೇಲೆ ಬಳಕೆದಾರರ ಬಹುಪಾಲು ಫೈಲುಗಳನ್ನು ತನ್ನದೇ ವ್ಯವಸ್ಥೆಗೆ ಸಾಗಿಸಿತು. 2018ರಲ್ಲಿ ಷೇರು ಮಾರುಕಟ್ಟೆಗೆ ಬರುವಾಗ ಸಲ್ಲಿಸಿದ ದಾಖಲೆಯಲ್ಲಿ, ಇದರಿಂದ ಎರಡು ವರ್ಷದಲ್ಲಿ ಸುಮಾರು 7.5 ಕೋಟಿ ಡಾಲರ್ ಉಳಿಯಿತು ಅಂತ ತೋರಿಸಿದೆ. ಇದನ್ನು ಓದಿದವರಿಗೆ ಹುರುಪು ಬರುವುದು ಸಹಜ. ಆದರೆ ಅಲ್ಲಿ ಸರ್ವರ್ ನೋಡಿಕೊಳ್ಳುವುದಕ್ಕೇ ಸಂಬಳ ಪಡೆಯುವ ತಂಡವಿದೆ. ನಿಮ್ಮಲ್ಲಿರುವುದು ಲಿನಕ್ಸ್ ಗೊತ್ತಿರುವ ಒಬ್ಬರು. ಅವರ ನಿಜವಾದ ಕೆಲಸ ವಿನ್ಯಾಸ.

ಸ್ವಂತ ಸರ್ವರ್‌ನ ಖರ್ಚಿನಲ್ಲಿ ಜನ ಮೆಷಿನ್‌ನ ಬೆಲೆಯನ್ನಷ್ಟೇ ಹಿಡಿಯುತ್ತಾರೆ. ಕರೆಂಟನ್ನು ಮರೆಯುತ್ತಾರೆ. ಅದರ ಲೆಕ್ಕ ಸುಲಭ. ಎಷ್ಟು ವ್ಯಾಟ್ ಎಳೆಯುತ್ತದೋ ಅದನ್ನು 8.76ರಿಂದ ಗುಣಿಸಿ, ವರ್ಷದ ಯೂನಿಟ್ ಸಿಗುತ್ತದೆ. 20 ವ್ಯಾಟ್‌ನ ಪುಟ್ಟ ಮೆಷಿನ್ ವರ್ಷಕ್ಕೆ ಸುಮಾರು 175 ಯೂನಿಟ್ ತಿನ್ನುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ತಂದ ಹಳೇ ಕಂಪನಿ ಸರ್ವರ್ ಸುಮ್ನೆ ಕೂತಿರುವಾಗಲೂ 150 ವ್ಯಾಟ್ ಎಳೆದರೆ ಅದು 1,314 ಯೂನಿಟ್. ಜೊತೆಗೆ ಗದ್ದಲ, ಬಿಸಿ. ಎಂಟು ಜನರ ಫೈಲಿಗೆ ಪುಟ್ಟ ಮೆಷಿನ್ ಧಾರಾಳ ಸಾಕು.

ಡಿಸ್ಕ್ ಕೂಡ ಒಂದೇ ಸಾಲದು. ಒಂದರ ಪ್ರತಿಬಿಂಬವಾಗಿ ಇನ್ನೊಂದು, ಬ್ಯಾಕಪ್‌ಗೆ ಮತ್ತೊಂದು, ಕೆಟ್ಟರೆ ಹಾಕಲು ಒಂದು. ಲಕ್ಷಗಟ್ಟಲೆ ಡಿಸ್ಕ್ ಓಡಿಸುವ ಬ್ಯಾಕ್‌ಬ್ಲೇಜ್ ಕಂಪನಿ ತನ್ನ ಅಂಕಿ ಅಂಶಗಳನ್ನು ನಿಯಮಿತವಾಗಿ ಪ್ರಕಟಿಸುತ್ತದೆ. ಅದರ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದೆರಡು ಡಿಸ್ಕ್ ಕೈಕೊಡುತ್ತವೆ. ಕಡಿಮೆ ಅನಿಸುತ್ತದೆ. ಆದರೆ ನಿಮ್ಮ ಸರ್ವರ್ ನಾಲ್ಕೈದು ವರ್ಷ ಓಡಬೇಕು, ಡಿಸ್ಕ್‌ಗಳಿಗೆ ಪ್ರತಿ ವರ್ಷವೂ ಆ ಅಪಾಯ ಇದ್ದೇ ಇರುತ್ತದೆ. ಯುಪಿಎಸ್ ಬೇಕು. ನಾಲ್ಕೈದು ವರ್ಷಕ್ಕೆ ಮೆಷಿನ್ ಬದಲಿಸಲು ಹಣ ಎತ್ತಿಡಬೇಕು.

ಎಲ್ಲಕ್ಕಿಂತ ದೊಡ್ಡ ಖರ್ಚು ಸಮಯ. ಅಪ್‌ಡೇಟ್ ಹಾಕುವುದು, ಬ್ಯಾಕಪ್ ಸರಿಯಾಗಿ ಓಡಿದೆಯಾ ಅಂತ ನೋಡುವುದು, ತುಂಬಿದ ಡಿಸ್ಕ್ ಖಾಲಿ ಮಾಡುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವುದು. ಎಲ್ಲ ಸೇರಿ ತಿಂಗಳಿಗೆ ನಾಲ್ಕು ಗಂಟೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 48 ಗಂಟೆ, ಅಂದರೆ ಒಂದು ವಾರದ ಕೆಲಸಕ್ಕಿಂತ ಜಾಸ್ತಿ. ಆ ಗಂಟೆಗಳಿಗೆ ನೀವು ಗ್ರಾಹಕರಿಂದ ಎಷ್ಟು ಪಡೆಯುತ್ತೀರೋ ಅಷ್ಟನ್ನೂ ಲೆಕ್ಕದಲ್ಲಿ ಬರೆಯಿರಿ. ಇಷ್ಟು ಬರೆದ ಮೇಲೂ 3 ಟಿಬಿ ಫೈಲುಗಳ ಮಟ್ಟಿಗೆ ಸ್ವಂತ ಸರ್ವರ್ ಗೆಲ್ಲುವ ಸಾಧ್ಯತೆ ಚೆನ್ನಾಗಿದೆ. ಮೇಲ್ ಅನ್ನೂ ವೆಬ್‌ಸೈಟನ್ನೂ ಅದರ ಮೇಲೆ ಹೇರಿದರೆ ಗಂಟೆಗಳು ಏರುತ್ತವೆ, ಲಾಭ ಕರಗುತ್ತದೆ.

ಹೊರಗೆ ತೆಗೆಯುವ ಶುಲ್ಕದ ಬಗ್ಗೆ ಒಂದು ಒಳ್ಳೆಯ ಸುದ್ದಿ. ಡೇಟಾ ಒಳಗೆ ಹಾಕಲು ಬಿಟ್ಟಿ, ತೆಗೆಯಲು ದುಬಾರಿ ಅನ್ನುವುದು ದೊಡ್ಡ ಕ್ಲೌಡ್‌ಗಳ ಹಳೆಯ ಪದ್ಧತಿ. 2024ರ ಮೊದಲ ತಿಂಗಳುಗಳಲ್ಲಿ ಗೂಗಲ್, ಆಮೇಲೆ ಅಮೆಜಾನ್ ಮತ್ತು ಮೈಕ್ರೋಸಾಫ್ಟ್, ಪೂರ್ತಿ ಬಿಟ್ಟು ಹೋಗುವವರಿಗೆ ಈ ಶುಲ್ಕ ಮನ್ನಾ ಮಾಡುವುದಾಗಿ ಹೇಳಿದವು. ಯುರೋಪಿಯನ್ ಒಕ್ಕೂಟದ ಡೇಟಾ ಕಾಯ್ದೆ 2027ರ ಜನವರಿ 12ರಿಂದ ಒಂದು ಸೇವೆಯಿಂದ ಇನ್ನೊಂದಕ್ಕೆ ಹೋಗುವ ಶುಲ್ಕವನ್ನೇ ತೆಗೆಯುತ್ತಿದೆ. ಮನ್ನಾಕ್ಕೆ ಷರತ್ತುಗಳಿರುತ್ತವೆ, ಮೊದಲೇ ಅರ್ಜಿ ಹಾಕಬೇಕಾಗಬಹುದು. ಆದ್ದರಿಂದ ಸಾಗಿಸುವ ಮೊದಲು ನಿಮ್ಮ ಸೇವೆಯ ಸಹಾಯ ವಿಭಾಗಕ್ಕೆ ಬರೆದು ಕೇಳಿ.

ಇನ್ನು ಹಿಡಿತ. ನನಗೆ ಮೂರರಲ್ಲಿ ಇದೇ ಮುಖ್ಯ. ಜನ ಜಾಸ್ತಿ ಎಡವುವುದೂ ಇಲ್ಲೇ.

ಕ್ಲೌಡ್‌ನಲ್ಲಿ ಹಿಡಿತ ನಿಮ್ಮದಲ್ಲ ಅನ್ನುವ ಮಾತು ನಿಜ. 2013ರ ಜುಲೈ 1ರಂದು, ಸುದ್ದಿ ಮತ್ತು ಬ್ಲಾಗ್ ಒಂದೇ ಕಡೆ ಓದುವ ಸೇವೆಯಾದ ಗೂಗಲ್ ರೀಡರ್ ಮುಚ್ಚಿತು. ಅದನ್ನೇ ನಂಬಿಕೊಂಡಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಸಿಗುತ್ತಿದ್ದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. ಇದಕ್ಕಿಂತ ಗಂಭೀರವಾದದ್ದು 2024ರ ಮೇ ತಿಂಗಳಲ್ಲಿ ನಡೆಯಿತು. ಆಸ್ಟ್ರೇಲಿಯಾದ ಯುನಿಸೂಪರ್ ಎಂಬ ಪಿಂಚಣಿ ನಿಧಿಗೆ ಆರು ಲಕ್ಷಕ್ಕೂ ಹೆಚ್ಚು ಸದಸ್ಯರು. ಗೂಗಲ್ ಕ್ಲೌಡ್‌ನಲ್ಲಿದ್ದ ಅದರ ಖಾಸಗಿ ಕ್ಲೌಡ್ ಪೂರ್ತಿ ಅಳಿಸಿಹೋಯಿತು. ಗೂಗಲ್ ಕಡೆಯವರು ಅದನ್ನು ಸಿದ್ಧಮಾಡುವಾಗ ಒಂದು ಸೆಟ್ಟಿಂಗನ್ನು ಖಾಲಿ ಬಿಟ್ಟಿದ್ದೇ ಕಾರಣ. ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಮತ್ತೆ ಎದ್ದು ನಿಲ್ಲಲು ನೆರವಾದವುಗಳಲ್ಲಿ, ಯುನಿಸೂಪರ್ ಬೇರೊಂದು ಕಂಪನಿಯಲ್ಲಿ ಇಟ್ಟಿದ್ದ ಬ್ಯಾಕಪ್ ಮುಖ್ಯವಾದದ್ದು.

ಹಾಗಾದರೆ ಮೆಷಿನ್ ನಮ್ಮ ಮೇಜಿನ ಮೇಲಿದ್ದರೆ ಹಿಡಿತ ಬಂತಾ? 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ, ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಕೊಂಡವರು ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಅವು ಅವರ ಸ್ವಂತದ ಡಿಸ್ಕ್‌ಗಳು, ಅವರ ಮನೆಯಲ್ಲೇ ಇದ್ದವು. ಆದರೆ ಇಂಟರ್‌ನೆಟ್‌ಗೆ ತೆರೆದುಕೊಂಡಿದ್ದವು, ಕಂಪನಿ 2015ರಿಂದ ಅವಕ್ಕೆ ಅಪ್‌ಡೇಟ್ ಕೊಟ್ಟಿರಲಿಲ್ಲ. ಯಾರೋ ದೂರದಿಂದಲೇ ಅಳಿಸಿಹಾಕಿದರು. ಮರುವರ್ಷ ಜನವರಿಯಲ್ಲಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಇಟ್ಟುಕೊಂಡವರ ಮೇಲೆ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ದಾಳಿ ಮಾಡಿತು. ಫೈಲುಗಳಿಗೆ ಬೀಗ ಬಿತ್ತು, ತೆಗೆಯಲು ಬಿಟ್‌ಕಾಯಿನ್ ಕೇಳಿದರು.

ಮೆಷಿನ್ ಎಲ್ಲಿದೆ ಅನ್ನುವುದು ಹಿಡಿತದ ಒಂದು ಸಣ್ಣ ಭಾಗ ಅಷ್ಟೇ. ಈ ಸೇವೆ ಅಥವಾ ಈ ಮೆಷಿನ್ ನಾಳೆ ಬೆಳಿಗ್ಗೆ ಇಲ್ಲ ಅಂದರೆ, ಎಷ್ಟು ದಿನದಲ್ಲಿ ನಮ್ಮ ಕೆಲಸ ಮತ್ತೆ ಶುರುವಾಗುತ್ತದೆ? ಈ ಪ್ರಶ್ನೆಗೆ ಉತ್ತರ ಇದ್ದವರ ಕೈಯಲ್ಲಿ ಹಿಡಿತ ಇದೆ. ಅದಕ್ಕೆ ಬೇಕಾದವು ಕೆಲವೇ. ಡೊಮೇನ್, ಅಂದರೆ ವೆಬ್‌ಸೈಟು ಮತ್ತು ಮೇಲ್ ವಿಳಾಸದಲ್ಲಿ ಬರುವ ಹೆಸರು, ನಿಮ್ಮ ಸಂಸ್ಥೆಯ ಹೆಸರಿನಲ್ಲಿರಬೇಕು. ಫೈಲುಗಳು ಬೇರೆ ತಂತ್ರಾಂಶದಲ್ಲೂ ತೆರೆಯುವ ರೂಪದಲ್ಲಿರಬೇಕು. ಬ್ಯಾಕಪ್‌ನ ಕೀಲಿ ನಿಮ್ಮ ಬಳಿ ಇರಬೇಕು. ಆ ಬ್ಯಾಕಪ್‌ನಿಂದ ಫೈಲುಗಳನ್ನು ವಾಪಸ್ ತೆಗೆದು ನೋಡಿರಬೇಕು.

ಕೊನೆಯದನ್ನು ಒತ್ತಿ ಹೇಳುತ್ತೇನೆ. 2017ರ ಜನವರಿ 31ರಂದು, ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಸೇವೆಯ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸ್‌ನ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಮಾತ್ರ ಉಳಿಯಿತು. ಅವರ ಬಳಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು. ಆ ರಾತ್ರಿ ನೋಡಿದರೆ ಒಂದೂ ನಂಬುವ ಹಾಗೆ ಕೆಲಸ ಮಾಡುತ್ತಿರಲಿಲ್ಲ. ಅದೃಷ್ಟಕ್ಕೆ ಕೆಲವು ಗಂಟೆಗಳ ಹಿಂದೆ ಬೇರೆ ಕಾರಣಕ್ಕೆ ತೆಗೆದಿಟ್ಟಿದ್ದ ಒಂದು ಪ್ರತಿ ಸಿಕ್ಕಿತು. ಸುಮಾರು ಆರು ಗಂಟೆಯ ಡೇಟಾ ಹೋಯಿತು, ಉಳಿದದ್ದು ಬಂತು. ಇದನ್ನೆಲ್ಲ ಮುಚ್ಚಿಡದೆ ಬರೆದು ಹಂಚಿಕೊಂಡರು, ಅದಕ್ಕೆ ನಾವು ಋಣಿಗಳಾಗಿರಬೇಕು. ಅದು ವೃತ್ತಿಪರರ ತಂಡ. ವಾಪಸ್ ತೆಗೆದು ನೋಡದ ಬ್ಯಾಕಪ್ ಅವರಿಗೇ ಕೈಕೊಟ್ಟಿತು.

ಪ್ರತಿಗಳ ವಿಷಯದಲ್ಲಿ 3-2-1 ಅನ್ನುವ ಹಳೆಯ ನಿಯಮ ಇವತ್ತಿಗೂ ಸರಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಕ್ಲೌಡ್‌ಗೂ ಇದು ಅನ್ವಯಿಸುತ್ತದೆ. 2021ರ ಮಾರ್ಚ್ 10ರಂದು ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಬೆಂಕಿಗೆ ಸುಟ್ಟುಹೋಯಿತು. ಬ್ಯಾಕಪ್ ಅನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರಲ್ಲಿ ಹಲವರಿಗೆ ಏನೂ ಉಳಿಯಲಿಲ್ಲ. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನೂ ಬಿಡಬೇಕು. ಎರಡು ಡಿಸ್ಕ್‌ನಲ್ಲಿ ಪ್ರತಿಬಿಂಬ ಇದ್ದರೆ ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ನೀವು ಅಳಿಸಿದ ಫೈಲು ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಸಿಂಕ್, ಅಂದರೆ ಎಲ್ಲ ಮೆಷಿನ್‌ಗಳಲ್ಲೂ ಫೈಲುಗಳನ್ನು ತಾನಾಗಿಯೇ ಒಂದೇ ಸಮ ಇಡುವುದು, ಕೂಡ ಹಾಗೇ. ರ‍್ಯಾನ್ಸಮ್‌ವೇರ್ ಕೆಡಿಸಿದ ಫೈಲು ನಿಮಿಷಗಳಲ್ಲಿ ಎಲ್ಲರ ಲ್ಯಾಪ್‌ಟಾಪ್‌ಗೂ ಸಿಂಕ್ ಆಗುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ, ಕೆಲವು ವಾರ ಯಾರಿಗೂ ಅಳಿಸಲಾಗದಂತೆ ಹಿಡಿದಿಡುವ ಬ್ಯಾಕಪ್ ಬೇಕು. ಇದು ಸ್ವಂತ ಡಿಸ್ಕ್‌ಗಿಂತ ಕ್ಲೌಡ್‌ನಲ್ಲೇ ಸುಲಭ. ಅದಕ್ಕೇ ಮೂರನೇ ಪ್ರತಿ ಅಲ್ಲಿರಲಿ ಅಂದದ್ದು.

ಈಗ ನಿಮ್ಮ ಅಳುಕಿನ ವಿಷಯ, ಖಾಸಗಿತನ. ಯಾರಿಂದ ಮುಚ್ಚಿಡಬೇಕು ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಸೇವೆ ಕೊಡುವ ಕಂಪನಿಯಿಂದಲೇ? ಸರ್ಕಾರದ ಆದೇಶದಿಂದಲೇ? ಕಳ್ಳರಿಂದಲೇ? ನಿಮ್ಮದೇ ಸಿಬ್ಬಂದಿಯಿಂದಲೇ? ಪ್ರತಿಯೊಂದಕ್ಕೂ ಮದ್ದು ಬೇರೆ.

ನಿಮ್ಮ ಡೇಟಾ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಬೀಗ ಹಾಕಿದೆ ಅಂತ ಎಲ್ಲ ಕ್ಲೌಡ್ ಕಂಪನಿಗಳೂ ಹೇಳುತ್ತವೆ. ಸುಳ್ಳಲ್ಲ. ಆದರೆ ಸಾಮಾನ್ಯ ಸೇವೆಗಳಲ್ಲಿ ಕೀಲಿಯೂ ಅವರ ಹತ್ತಿರವೇ ಇರುತ್ತದೆ. ಡೇಟಾ ಸೆಂಟರ್‌ನಿಂದ ಡಿಸ್ಕ್ ಕದ್ದವನಿಗೆ ಏನೂ ಸಿಗುವುದಿಲ್ಲ, ಆದರೆ ಕಂಪನಿ ಮನಸ್ಸು ಮಾಡಿದರೆ ಅಥವಾ ಕಾನೂನು ಕೇಳಿದರೆ ತೆರೆಯಬಹುದು. ಅಮೆರಿಕದ 2018ರ ಕ್ಲೌಡ್ ಕಾಯ್ದೆ ಪ್ರಕಾರ, ಅಲ್ಲಿನ ಕಂಪನಿಗಳು ತಮ್ಮ ಹಿಡಿತದಲ್ಲಿರುವ ಡೇಟಾ ಬೇರೆ ದೇಶದ ಸರ್ವರ್‌ನಲ್ಲಿದ್ದರೂ ಸರಿಯಾದ ಆದೇಶ ಬಂದರೆ ಕೊಡಬೇಕು. ಹಾಗಾಗಿ ಸರ್ವರ್ ಯಾವ ದೇಶದಲ್ಲಿದೆ ಅಂತ ಕೇಳಿದರೆ ಸಾಲದು. ಕಂಪನಿ ಯಾವ ದೇಶದ್ದು, ಕೀಲಿ ಯಾರ ಬಳಿ ಇದೆ ಅಂತಲೂ ಕೇಳಿ. ಕೀಲಿ ಬಳಕೆದಾರರ ಬಳಿ ಮಾತ್ರ ಇರುವ ಸೇವೆಗಳೂ ಇವೆ, ಆದರೆ ಆ ಸೌಲಭ್ಯವೂ ಶಾಶ್ವತವಲ್ಲ. ಐಕ್ಲೌಡ್‌ಗೆ ಅಂಥ ರಕ್ಷಣೆಯನ್ನು ಆಪಲ್ 2022ರ ಡಿಸೆಂಬರ್‌ನಲ್ಲಿ ತಂದಿತು. 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಬಳಕೆದಾರರಿಗೆ ಕೊಡುವುದನ್ನು ನಿಲ್ಲಿಸಿತು. ಅದಕ್ಕೇ, ಕ್ಲೌಡ್‌ಗೆ ಹೋಗುವ ಮೊದಲೇ ನಿಮ್ಮ ಮೆಷಿನ್‌ನಲ್ಲಿ ಬೀಗ ಹಾಕುವ ಉಚಿತ ತಂತ್ರಾಂಶಗಳನ್ನು ನಾನು ಇಷ್ಟಪಡುತ್ತೇನೆ. ಬ್ಯಾಕಪ್‌ಗೆ ರೆಸ್ಟಿಕ್ ಅಥವಾ ಬೋರ್ಗ್, ದಿನದ ಫೈಲುಗಳಿಗೆ ಕ್ರಿಪ್ಟೊಮೇಟರ್. ಕಂಪನಿಯ ಕೈಗೆ ಸಿಗುವುದು ಅರ್ಥವಾಗದ ತುಣುಕುಗಳು ಮಾತ್ರ.

ಸ್ವಂತ ಸರ್ವರ್‌ನಲ್ಲಿ ಕಂಪನಿಯ ಕಣ್ಣು ತಪ್ಪುತ್ತದೆ. ಅದು ದೊಡ್ಡ ಲಾಭ, ನಾನು ಕಡೆಗಣಿಸುವುದಿಲ್ಲ. ಆದರೆ ಸರ್ವರ್ ನೋಡಿಕೊಳ್ಳುವ ಅಡ್ಮಿನ್ ಆದವರಿಗೆ ಎಲ್ಲರ ಫೈಲೂ ಕಾಣುತ್ತದೆ. ಅವರ ಜಾಣತನವನ್ನಷ್ಟೇ ಅಲ್ಲ, ಅವರ ಕೈಗೆ ಕೊಡುವ ಅಧಿಕಾರವನ್ನೂ ಯೋಚಿಸಿ. ಸರ್ವರನ್ನೇ ಯಾರಾದರೂ ಹೊತ್ತೊಯ್ದರೆ? ಲಿನಕ್ಸ್‌ನಲ್ಲಿ ಲಕ್ಸ್ (LUKS) ಎಂಬ ಸೌಲಭ್ಯ ಬಳಸಿ ಇಡೀ ಡಿಸ್ಕ್‌ಗೆ ಬೀಗ ಹಾಕಿ, ಆ ಚಿಂತೆ ಮುಗಿಯುತ್ತದೆ. ಜಾಸ್ತಿ ಅಪಾಯ ಇರುವುದು ಹಳೆಯ ತಂತ್ರಾಂಶದಲ್ಲಿ. ಪಾಸ್‌ವರ್ಡ್ ಕಾಪಾಡುವ ಲಾಸ್ಟ್‌ಪಾಸ್ ಕಂಪನಿಯಿಂದ 2022ರಲ್ಲಿ ಗ್ರಾಹಕರ ಬೀಗ ಹಾಕಿದ ಪಾಸ್‌ವರ್ಡ್ ಕಣಜಗಳ ಪ್ರತಿ ಕಳವಾಯಿತಲ್ಲ, ಕಳ್ಳರು ಒಳಗೆ ಬಂದದ್ದು ಒಬ್ಬ ಎಂಜಿನಿಯರ್‌ನ ಮನೆಯ ಕಂಪ್ಯೂಟರ್ ಮೂಲಕ. ಅದರಲ್ಲಿ ಸ್ವಂತ ಸಿನಿಮಾ ಸಂಗ್ರಹ ನೋಡಲು ಹಾಕಿಕೊಂಡ ಪ್ಲೆಕ್ಸ್ ಇತ್ತು. ಅದರ ದೋಷಕ್ಕೆ 2020ರಲ್ಲೇ ಅಪ್‌ಡೇಟ್ ಬಂದಿತ್ತು, ಹಾಕಿರಲಿಲ್ಲ. ಹವ್ಯಾಸಕ್ಕೆ ಇಟ್ಟ ಒಂದು ತಂತ್ರಾಂಶ ಅಷ್ಟು ಜನರ ಗುಟ್ಟಿಗೆ ದಾರಿಯಾಯಿತು.

ಆದ್ದರಿಂದ ನಿಮ್ಮ ಸರ್ವರನ್ನು ನೇರ ಇಂಟರ್‌ನೆಟ್‌ಗೆ ತೆರೆಯಬೇಡಿ. ರೌಟರ್‌ನಲ್ಲಿ ಪೋರ್ಟ್ (ಹೊರಗಿನವರು ಒಳಬರುವ ಬಾಗಿಲು) ತೆರೆಯುವ ಬದಲು ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಕೀಲಿ ಇದ್ದವರಿಗೆ ಮಾತ್ರದ ಖಾಸಗಿ ದಾರಿ, ಹಾಕಿ. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ. ಸರಿಯಾದ ಕೀಲಿ ಇಲ್ಲದವರು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಹುಡುಕುವವರ ಕಣ್ಣಿಗೆ ಬೀಳುವುದೂ ಕಷ್ಟ. ಎಂಟು ಜನರ ಲ್ಯಾಪ್‌ಟಾಪ್, ಫೋನಿಗೆ ಒಮ್ಮೆ ಹಾಕಿಕೊಟ್ಟರೆ ಆಯಿತು. ಗ್ರಾಹಕರಿಗೆ ವಿಪಿಎನ್ ಹಾಕಿ ಅನ್ನಲಾಗದು. ವೆಬ್‌ಸೈಟನ್ನು ಹೊರಗೆ ಇಡಿ ಅಂದದ್ದು ಅದಕ್ಕೆ. ಅದರಲ್ಲಿ ಆಯಾ ಗ್ರಾಹಕರು ನೋಡಬೇಕಾದ ಡ್ರಾಯಿಂಗ್‌ಗಳಷ್ಟೇ ಇರಲಿ.

ಮೇಲ್ ಯಾಕೆ ಬೇಡ? ಬರುವ ಮೇಲ್ ಅಷ್ಟು ಕಷ್ಟವಲ್ಲ. ನಿಮ್ಮ ಸರ್ವರ್ ಒಂದು ದಿನ ಮಲಗಿದರೂ ಕಳಿಸುವ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತವೆ. ಕಷ್ಟ ಇರುವುದು ಹೋಗುವ ಮೇಲ್‌ನಲ್ಲಿ. ಮೇಲ್ ನಿಜವಾಗಿ ನಿಮ್ಮದೇ ಅಂತ ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಎಲ್ಲ ಸರಿ ಹೊಂದಿಸಿದರೂ ಹೊಸ ಐಪಿ ವಿಳಾಸವನ್ನು ದೊಡ್ಡ ಮೇಲ್ ಸೇವೆಗಳು ಬೇಗ ನಂಬುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ನಿಯಮಗಳನ್ನು ಇನ್ನೂ ಬಿಗಿ ಮಾಡಿವೆ. ಇಂಟರ್‌ನೆಟ್ ಕೊಡುವವರು ಹಲವೆಡೆ ಮೇಲ್ ಸಾಗುವ ಪೋರ್ಟ್ 25 ಅನ್ನೇ ಮುಚ್ಚಿರುತ್ತಾರೆ. ನೀವು ಕಳಿಸಿದ ಕೊಟೇಶನ್ ಗ್ರಾಹಕರ ಸ್ಪ್ಯಾಮ್‌ಗೆ ಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಸ್ವಂತ ಡೊಮೇನ್‌ನಲ್ಲಿ ಬಾಡಿಗೆಯ ಮೇಲ್ ಇಟ್ಟುಕೊಳ್ಳಿ. ಸೇವೆ ಇಷ್ಟವಾಗದಿದ್ದರೆ ವಿಳಾಸ ಬದಲಿಸದೆಯೇ ಇನ್ನೊಂದಕ್ಕೆ ಹೋಗಬಹುದು. ಮೇಲ್‌ನಲ್ಲಿ ಇದೇ ದೊಡ್ಡ ಸ್ವಾತಂತ್ರ್ಯ.

ಸರ್ವರ್ ಕೊಳ್ಳುವ ಮೊದಲು ಬ್ಯಾಕಪ್ ಶುರು ಮಾಡಿ. ಈಗ ಕ್ಲೌಡ್‌ನಲ್ಲಿರುವುದೆಲ್ಲದರ ಒಂದು ಪ್ರತಿಯನ್ನು ಆಫೀಸಿನ ಡಿಸ್ಕ್‌ಗೆ ಇಳಿಸಿ. 100 ಎಂಬಿಪಿಎಸ್ ಸಂಪರ್ಕದಲ್ಲಿ 3 ಟಿಬಿ ಇಳಿಯಲು ಸುಮಾರು ಮೂರು ದಿನ ಬೇಕು. ಅದೇ 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಮೇಲೇರಿಸಲು ಸುಮಾರು 14 ದಿನ. ಈ ಅಂಕಿಗಳನ್ನು ನಿಮ್ಮ ವೇಗಕ್ಕೆ ಹೊಂದಿಸಿ ಗೋಡೆಗೆ ಅಂಟಿಸಿಕೊಳ್ಳಿ, ಯಾಕೆಂದರೆ ಅನಾಹುತವಾದ ದಿನ ಎಷ್ಟು ಹೊತ್ತು ಕಾಯಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಆಮೇಲೆ ಪುಟ್ಟ ಮೆಷಿನ್ ತನ್ನಿ, ಸ್ವಂತ ಸರ್ವರ್‌ನಲ್ಲಿ ಫೈಲು ಇಟ್ಟು ಹಂಚಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ತಂತ್ರಾಂಶ ಹಾಕಿ. ಲ್ಯಾಪ್‌ಟಾಪ್‌ಗಳ ನಡುವೆ ಫೋಲ್ಡರ್ ಹೊಂದಿಸಿದರೆ ಸಾಕು ಅನಿಸಿದರೆ ಸಿಂಕ್‌ಥಿಂಗ್ ಇನ್ನೂ ಸರಳ. ಮೂರು ತಿಂಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓಡಿಸಿ. ಎರಡು ಕಡೆ ಹಣ ಹೋಗುತ್ತದೆ, ಹೋಗಲಿ. ಆ ಅವಧಿಯಲ್ಲಿ ನಿಜಕ್ಕೂ ಎಷ್ಟು ಗಂಟೆ ಕೆಲಸ ಬಿತ್ತು ಅಂತ ಬರೆದಿಡಿ. ನಾನು ಹೇಳಿದ ನಾಲ್ಕು ಗಂಟೆಗಿಂತ ನಿಮ್ಮದೇ ಲೆಕ್ಕ ನಂಬಿಕೆಗೆ ಅರ್ಹ.

ಇನ್ನೊಂದು ಸೂಕ್ಷ್ಮ ಇದೆ. ಬ್ಯಾಕಪ್‌ನ ಪಾಸ್‌ವರ್ಡನ್ನು ಅದೇ ಸರ್ವರ್‌ನಲ್ಲಿರುವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಮಾತ್ರ ಇಟ್ಟರೆ, ಸರ್ವರ್ ಹೋದ ದಿನ ಬ್ಯಾಕಪ್ ಇದ್ದೂ ತೆರೆಯಲಾಗುವುದಿಲ್ಲ. ಕಾಗದದ ಮೇಲೆ ಬರೆದು ಎರಡು ಬೇರೆ ಕಡೆ ಭದ್ರವಾಗಿಡಿ.

ಆ ಒಬ್ಬ ಲಿನಕ್ಸ್ ಬಲ್ಲವರ ಬಗ್ಗೆ ನನಗೆ ಕಾಳಜಿ ಇದೆ. ರಜೆಯಲ್ಲೂ ಅವರಿಗೇ ಫೋನ್ ಹೋಗುತ್ತದೆ. ಸುಮ್ನೆ ಅವರ ತಲೆಗೆ ಕಟ್ಟಬೇಡಿ, ಈ ಕೆಲಸಕ್ಕೆ ಸಮಯವನ್ನೂ ಸಂಬಳದಲ್ಲಿ ಪಾಲನ್ನೂ ಕೊಡಿ. ಸರ್ವರ್ ಕಟ್ಟಿದ ರೀತಿಯನ್ನು ಅವರು ಬರೆದಿಡಲಿ. ಆರು ತಿಂಗಳಿಗೊಮ್ಮೆ ಇನ್ನೊಬ್ಬರು, ಅವರ ಸಹಾಯವಿಲ್ಲದೆ, ಆ ಬರಹವನ್ನಷ್ಟೇ ನೋಡಿಕೊಂಡು ಬೇರೊಂದು ಕಂಪ್ಯೂಟರ್‌ಗೆ ಫೈಲುಗಳನ್ನು ವಾಪಸ್ ತೆಗೆಯಲಿ. ಅದು ಆಗದಿದ್ದರೆ, ಅಥವಾ ಆ ಇನ್ನೊಬ್ಬರೇ ನಿಮ್ಮಲ್ಲಿ ಸಿಗದಿದ್ದರೆ, ಸರ್ವರ್ ಯೋಚನೆ ಬಿಟ್ಟು ಫೈಲುಗಳನ್ನೂ ಕ್ಲೌಡ್‌ನಲ್ಲೇ ಇಡಿ. ಆಗಲೂ ಗ್ರಾಹಕರ ಕಾಗದಪತ್ರಕ್ಕೆ ಕ್ರಿಪ್ಟೊಮೇಟರ್ ಬೀಗ ಹಾಕಬಹುದು, ಆಫೀಸಿನ ಡಿಸ್ಕ್‌ನಲ್ಲಿ ಒಂದು ಪ್ರತಿ ಇಡಬಹುದು. ನಿಮ್ಮ ಅಳುಕಿನ ಬಹುಪಾಲು ಅಷ್ಟರಲ್ಲೇ ಕಳೆಯುತ್ತದೆ.